ಸಂಶಯದಷ್ಟು ಬೆಳ್ಳುಳ್ಳಿ

ಇಂಗ್ಲಿಷಿನ ಅಡುಗೆ ಬರಹಗಳಲ್ಲಿ, ಅದರಲ್ಲೂ ತಮ್ಮ ನಾಲಿಗೆಯ ಸೂಕ್ಷ್ಮತೆಯ ಬಗ್ಗೆ ಹೆಮ್ಮೆಯುಳ್ಳವರ ಬರಹಗಳಲ್ಲಿ, ‘ಸೂಪ್‌ಸಾನ್’ ಎಂಬ ಪದ ಆಗಾಗ ಎದುರಾಗುತ್ತದೆ. ಸಾಸಿಗೆ ಒಂದು ಸೂಪ್‌ಸಾನ್ ಬೆಳ್ಳುಳ್ಳಿ ಸಾಕು, ಕ್ರೀಮಿಗೆ ಒಂದು ಸೂಪ್‌ಸಾನ್ ಜಾಯಿಕಾಯಿ ಇರಲಿ ಎಂದು ಅವರು ಬರೆಯುತ್ತಾರೆ. ಕುಡಿಯುವ ಸೂಪಿಗೂ ಇದಕ್ಕೂ ನಂಟಿರಬಹುದೆಂದು ಹೊಸದಾಗಿ ಓದುವವರಿಗೆ ಅನ್ನಿಸುವುದು ಸಹಜ, ಆದರೆ ಅಂಥ ನಂಟೇನೂ ಇಲ್ಲ. ಫ್ರೆಂಚ್ ಭಾಷೆಯಲ್ಲಿ ಈ ಪದದ ನೇರ ಅರ್ಥ ಸಂಶಯ. ಬೆಳ್ಳುಳ್ಳಿಯನ್ನು ಹಾಕಿದ್ದಾರೆಯೋ ಇಲ್ಲವೋ ಎಂದು ತಿನ್ನುವವನಿಗೆ ಅನುಮಾನ ಬರುವಷ್ಟು ಮಾತ್ರ ಹಾಕಬೇಕು, ಖಚಿತವಾಗುವಷ್ಟು ಹಾಕಬಾರದು ಎಂಬುದು ಇದರ ತಾತ್ಪರ್ಯ. ಅಳತೆಯ ಪದವೆಂದು ನಾವು ತಿಳಿದದ್ದು ವಾಸ್ತವದಲ್ಲಿ ತಿನ್ನುವವನ ಮನಸ್ಸಿನ ಸ್ಥಿತಿಯನ್ನು ಹೇಳುವ ಪದ.

ಈ ಪದಕ್ಕೆ ಇಂಗ್ಲಿಷಿನಲ್ಲಿ ಒಬ್ಬ ಹಿರಿಯ ಸೋದರನಿದ್ದಾನೆ. ಸಂಶಯ ಎಂಬ ಸಾಮಾನ್ಯ ಅರ್ಥದಲ್ಲಿ ಎಲ್ಲರೂ ಬಳಸುವ ‘ಸಸ್ಪಿಷನ್’ ಕೂಡ ಅದೇ ಲ್ಯಾಟಿನ್ ಮೂಲದಿಂದ, ಕೆಳಗಿನಿಂದ ಕಣ್ಣೆತ್ತಿ ನೋಡುವುದು ಎಂಬರ್ಥದ ಧಾತುವಿನಿಂದ, ನಾರ್ಮನ್ನರ ಫ್ರೆಂಚಿನ ಮೂಲಕ ಮಧ್ಯಯುಗದಲ್ಲೇ ಇಂಗ್ಲೆಂಡಿಗೆ ಬಂದು ನೆಲೆಸಿತ್ತು. ಅದಾಗಿ ಕೆಲವು ಶತಮಾನಗಳ ನಂತರ, 18ನೆಯ ಶತಮಾನದ ಉತ್ತರಾರ್ಧದಲ್ಲಿ, ಪ್ಯಾರಿಸಿನ ನಡೆನುಡಿಯೇ ಶಿಷ್ಟತೆಯ ಮಾನದಂಡವಾಗಿದ್ದ ಕಾಲದಲ್ಲಿ, ಅದೇ ಪದವನ್ನು ಆಧುನಿಕ ಫ್ರೆಂಚ್ ರೂಪದಲ್ಲಿ ಇಂಗ್ಲಿಷರು ಎರಡನೆಯ ಬಾರಿ ತಂದುಕೊಂಡರು. ಈ ಬಾರಿ ‘ತೀರಾ ಸ್ವಲ್ಪ’ ಎಂಬ ಅರ್ಥಕ್ಕಷ್ಟೇ. ಮುಂದೆ ಕಿರಿಯವನ ಗುಣ ಹಿರಿಯವನಿಗೂ ಅಂಟಿ, ತುಟಿಯ ಮೇಲೆ ‘ಒಂದು ಸಸ್ಪಿಷನ್ ನಗು’ ಇತ್ತು ಎಂದು ಬರೆಯುವುದೂ ರೂಢಿಗೆ ಬಂದಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ನ್ಯಾಯಾಲಯ, ಚರ್ಚು, ಅರಮನೆಯ ಪಾಕಶಾಲೆ ಎಲ್ಲೆಡೆ ಫ್ರೆಂಚ್ ಮಾತು ನಡೆಯತೊಡಗಿತು. ಆ ಕಾಲದ ಪದರದಲ್ಲಿ ಬಂದ ಸಣ್ಣ ಪ್ರಮಾಣದ ಪದಗಳನ್ನು ಇಂದು ಯಾರೂ ಪರಭಾಷೆಯವೆಂದು ಗುರುತಿಸುವುದಿಲ್ಲ. ಉಪ್ಪಿನ ಮುಂದೆ ಬರುವ ‘ಪಿಂಚ್’ ಚಿವುಟುವುದನ್ನು ಹೇಳುವ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ‘ಟಚ್’ ಎಂದರೆ ಮುಟ್ಟುವುದು. ‘ಟೇಸ್ಟ್’ ಸಹ ಮೂಲದಲ್ಲಿ ಕೈಯಿಂದ ಮುಟ್ಟಿ ನೋಡುವುದೇ ಆಗಿತ್ತು, ಕ್ರಮೇಣ ಅದು ಬೆರಳಿನಿಂದ ನಾಲಿಗೆಗೆ ಸರಿಯಿತು. ‘ಮಾರ್ಸೆಲ್’ ಎಂದರೆ ಪುಟ್ಟದೊಂದು ಕಚ್ಚು, ಒಮ್ಮೆ ಹಲ್ಲೂರಿದಾಗ ಬಾಯಿಗೆ ಬರುವಷ್ಟು. ಪಶ್ಚಾತ್ತಾಪ ಎಂಬರ್ಥದ ‘ರಿಮೋರ್ಸ್’ ಕೂಡ ಇದೇ ಧಾತುವಿನದು, ಅಲ್ಲಿ ಕಚ್ಚುವುದು ತನ್ನ ಮನಸ್ಸೇ ತನ್ನನ್ನು. ಇವುಗಳಲ್ಲಿ ಒಂದೂ ಹುಟ್ಟಿನಿಂದ ಅಳತೆಯಲ್ಲ, ಎಲ್ಲವೂ ಬೆರಳು, ಹಲ್ಲು, ನಾಲಿಗೆಗಳ ಕೆಲಸಗಳು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತಕ್ಕಡಿಗೆ ಸಿಗದಷ್ಟು ಕಡಿಮೆಯಾದದ್ದನ್ನು ಹೇಳಬೇಕಾದಾಗ ಭಾಷೆ ಮೈಯನ್ನೇ ಆಶ್ರಯಿಸಿದೆ.

ತಕ್ಕಡಿಗೆ ಸಿಕ್ಕ ಪದಗಳೂ ಇಲ್ಲದಿಲ್ಲ. ಔಷಧಿ ತಯಾರಿಸುವವರ ಹಳೆಯ ತೂಕದ ಪಟ್ಟಿಯಲ್ಲಿ 20 ಗ್ರೇನ್ ಸೇರಿದರೆ ಒಂದು ಸ್ಕ್ರೂಪಲ್, 3 ಸ್ಕ್ರೂಪಲ್ ಸೇರಿದರೆ ಒಂದು ಡ್ರಾಮ್, 8 ಡ್ರಾಮ್ ಸೇರಿದರೆ ಒಂದು ಔನ್ಸ್. ಈ ನಾಲ್ಕೂ ಫ್ರೆಂಚಿನ ದಾರಿಯಾಗಿ ಬಂದವು. ಸುಮಾರು 1.3 ಗ್ರಾಮ್ ತೂಗುವ ಸ್ಕ್ರೂಪಲ್‌ನ ಲ್ಯಾಟಿನ್ ಮೂಲದ ಅರ್ಥ ಚೂಪಾದ ಸಣ್ಣ ಕಲ್ಲು. ಅಂಥ ಕಲ್ಲು ಚುಚ್ಚಿದಂತೆ ಮನಸ್ಸಿಗೆ ಆಗುವ ಅಳುಕನ್ನೂ ರೋಮನ್ನರು ಅದೇ ಪದದಿಂದ ಕರೆದಿದ್ದರು. ತೂಕದ ಸ್ಕ್ರೂಪಲ್ ಬಳಕೆಯಿಂದ ಮರೆಯಾಗಿ ಅಳುಕಿನ ಸ್ಕ್ರೂಪಲ್ ಇಂದಿಗೂ ಉಳಿದಿದೆ.

ಆದರೆ ಈ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಏರಿಳಿತ ಕಂಡ ಪದವೆಂದರೆ ‘ಪಿಟೆನ್ಸ್’. ಇಂದು ಅದರ ಅರ್ಥ ಜುಜುಬಿ ಸಂಬಳ, ಪುಡಿಗಾಸು. ಕೊಟ್ಟವನ ಜಿಪುಣತನದ ಮೇಲೆ ಸಿಟ್ಟಿಲ್ಲದೆ ಈ ಪದವನ್ನು ಯಾರೂ ಬಳಸುವುದಿಲ್ಲ. ಹುಟ್ಟಿದಾಗ ಅದು ಇದಕ್ಕೆ ತೀರ ವಿರುದ್ಧವಾದ ಅರ್ಥದ್ದಾಗಿತ್ತು. ದಯೆ, ಭಕ್ತಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಇದು ಮಧ್ಯಯುಗದ ಕ್ರೈಸ್ತ ಮಠಗಳ ಊಟದ ಮನೆಗೆ ಸೇರಿದ ಮಾತು. ಸನ್ಯಾಸಿಗಳ ನಿತ್ಯದ ಊಟ ಮಠದ ಕಟ್ಟಳೆಯಂತೆ ಮಿತವಾಗಿರುತ್ತಿತ್ತು. ಆಸ್ತಿವಂತ ಭಕ್ತನೊಬ್ಬ, ತನ್ನ ಮರಣದ ವಾರ್ಷಿಕ ದಿನದಂದು ತನ್ನ ಆತ್ಮಕ್ಕಾಗಿ ಪ್ರಾರ್ಥಿಸಲಿ ಎಂದು, ಆ ದಿನ ಸನ್ಯಾಸಿಗಳಿಗೆ ಮೀನನ್ನೋ ವೈನನ್ನೋ ಹೆಚ್ಚುವರಿಯಾಗಿ ಬಡಿಸಲು ದತ್ತಿ ಇಡುತ್ತಿದ್ದ. ಆ ಹೆಚ್ಚುವರಿ ಬಡಿಸುವಿಕೆಯೇ ಪಿಟೆನ್ಸ್. ಅದನ್ನು ನೋಡಿಕೊಳ್ಳಲೆಂದೇ ಮಠಗಳಲ್ಲಿ ಒಬ್ಬ ಅಧಿಕಾರಿಯೂ ಇರುತ್ತಿದ್ದ. ನಿತ್ಯದ ಊಟಕ್ಕೆ ಸೇರಿದಾಗ ಉದಾರವಾಗಿದ್ದ ಆ ತುಣುಕು, ಅದೊಂದನ್ನೇ ನಂಬಿ ಬದುಕಬೇಕಾದವನಿಗೆ ಏನೇನೂ ಸಾಲದು. ಪದದ ಅರ್ಥ ಬಹುಶಃ ಹೀಗೆಯೇ ಜಾರಿರಬೇಕು ಎಂದು ನಾನು ಊಹಿಸುತ್ತೇನೆ.

ಹೆಜ್ಜೆಯ ಗುರುತು, ಜಾಡು ಎಂಬರ್ಥದಲ್ಲಿ ಬಂದ ‘ಟ್ರೇಸ್’ ವಿಜ್ಞಾನಿಗಳ ಕೈಗೆ ಸಿಕ್ಕಿದ್ದರಿಂದ ಗಂಭೀರವಾಗಿಯೇ ಉಳಿಯಿತು, 0.01 ಅಂಗುಲಕ್ಕಿಂತ ಕಡಿಮೆ ಬಿದ್ದ ಮಳೆಯನ್ನು ಅಮೆರಿಕದ ಹವಾಮಾನ ಇಲಾಖೆ ಟ್ರೇಸ್ ಎಂದೇ ದಾಖಲಿಸುತ್ತದೆ. ಅಲ್ಲಿ ಸೂಪ್‌ಸಾನ್ ಎಂದು ಬರೆದರೆ ನಗೆಪಾಟಲಾದೀತು. ಏಕೆಂದರೆ ಸೂಪ್‌ಸಾನ್ ಇನ್ನೂ ತನ್ನ ಫ್ರೆಂಚ್ ಉಡುಪನ್ನು ಕಳಚಿಲ್ಲ. ಅದರ ‘ಸಿ’ ಅಕ್ಷರದ ಕೆಳಗೊಂದು ಪುಟ್ಟ ಕೊಂಡಿ ಇದೆ, ಆ ಕೊಂಡಿ ಇಲ್ಲದಿದ್ದರೆ ಅಕ್ಷರವನ್ನು ‘ಕ’ ಎಂದು ಓದಬೇಕಾಗುತ್ತದೆ, ಆದರೂ ಇಂಗ್ಲಿಷ್ ಕೀಲಿಮಣೆಯಲ್ಲಿ ಅದು ಸುಲಭವಾಗಿ ಸಿಗದ ಕಾರಣ ಅನೇಕರು ಬಿಟ್ಟೇ ಬರೆಯುತ್ತಾರೆ. ಹಾಗಾಗಿ ಈ ಪದ ಬೆಳ್ಳುಳ್ಳಿ, ವ್ಯಂಗ್ಯ, ಹೊಟ್ಟೆಕಿಚ್ಚುಗಳ ಜೊತೆಗೆ ಹೊಂದುತ್ತದೆ, ಸಿಮೆಂಟಿನ ಜೊತೆಗೆ ಹೊಂದುವುದಿಲ್ಲ. ಹೇಳುವವನ ಮುಖದಲ್ಲಿ ಸ್ವಲ್ಪ ತುಂಟತನ ಇದ್ದರಷ್ಟೇ ಚೆನ್ನ ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷರು ಆರಿಸಿಕೊಳ್ಳದೆ ಬಿಟ್ಟವೂ ಇವೆ. ಫ್ರೆಂಚರು ಚಹಾಕ್ಕೆ ‘ಒಂದು ಮೋಡ ಹಾಲು’ ಹಾಕುತ್ತಾರೆ, ಲೋಟಕ್ಕೆ ‘ಒಂದು ಕಣ್ಣೀರು’ ಮದ್ಯ ಸುರಿಯುತ್ತಾರೆ. ಮೋಡ ಎಂಬರ್ಥದ ಆ ಪದದ ಸಂಬಂಧಿಯಾದ ‘ನ್ಯುಆನ್ಸ್’ ಮಾತ್ರ, ಬಣ್ಣದ ಸೂಕ್ಷ್ಮ ಭೇದವಾಗಿ, ಇಂಗ್ಲಿಷಿಗೆ ದಾಟಿತು.

ಅಲ್ಪವನ್ನು ಹೇಳುವ ಪದಗಳಿಗೆ ಫ್ರೆಂಚ್ ಭಾಷೆ ತನ್ನೊಳಗೆ ಇನ್ನೂ ದೊಡ್ಡ ಕೆಲಸ ಕೊಟ್ಟಿದೆ. ‘ಒಂದು ಹೆಜ್ಜೆಯನ್ನೂ ನಡೆಯೆ’, ‘ಒಂದು ಚೂರನ್ನೂ ತಿನ್ನೆ’, ‘ಒಂದು ಹನಿಯನ್ನೂ ಕಾಣೆ’ ಎಂದು ನಿಷೇಧಕ್ಕೆ ಒತ್ತು ಕೊಡಲು ಹಳೆಯ ಫ್ರೆಂಚರು ಹೆಜ್ಜೆ, ರೊಟ್ಟಿಯ ಚೂರು, ಹನಿ, ಚುಕ್ಕೆ ಇವುಗಳನ್ನು ಬಳಸುತ್ತಿದ್ದರು. ಕನ್ನಡದ ‘ಎಳ್ಳಷ್ಟೂ ಇಲ್ಲ’ ಇದೇ ಜಾತಿಯದು, ಆದರೆ ನಮ್ಮ ಎಳ್ಳಿಗೆ ಇಂದಿಗೂ ‘ಇಲ್ಲ’ದ ಆಸರೆ ಬೇಕು. ಫ್ರೆಂಚಿನಲ್ಲಿ ಹೆಜ್ಜೆ ಎಂಬರ್ಥದ ‘ಪಾ’ ಉಳಿದವನ್ನೆಲ್ಲ ಹಿಂದಿಕ್ಕಿ, ನಡಿಗೆಯ ಸಂಬಂಧವೇ ಇಲ್ಲದ ವಾಕ್ಯಗಳಿಗೂ ನುಗ್ಗಿ, ಈಗ ಆಡುಮಾತಿನಲ್ಲಿ ಮೂಲ ನಿಷೇಧಪದವನ್ನೇ ಹೊರದೂಡಿ ತಾನೊಂದೇ ‘ಇಲ್ಲ’ ಎಂಬ ಅರ್ಥವನ್ನು ಹೊರುತ್ತದೆ. ಅದೇ ‘ಪಾ’ ಇಂಗ್ಲಿಷಿನಲ್ಲೂ ಇದೆ: ಸಭ್ಯರ ನಡುವೆ ಆಗುವ ಎಡವಟ್ಟಿಗೆ ಹೇಳುವ ‘ಫೋ ಪಾ’ ಎಂಬ ಎರವಲಿನಲ್ಲಿ ಅದು ಇನ್ನೂ ಹೆಜ್ಜೆಯಾಗಿಯೇ ಉಳಿದಿದೆ, ತಪ್ಪು ಹೆಜ್ಜೆ ಎಂಬರ್ಥದಲ್ಲಿ.