ಗಾಜಿನೊಳಗಿನ ಕಸೂತಿ ಸೀರೆ, ಐದುನೂರು ಲೆಕ್ಸಸ್

ಹುಬ್ಬಳ್ಳಿ ಜವಳಿ ಸಾಲಿನ ಸೀರೆ ಅಂಗಡಿಯವರು ಗಾಜಿನ ಹಿಂದೆ ಕೈಕಸೂತಿಯ ಸೀರೆಯೊಂದನ್ನು ತೂಗು ಹಾಕುವುದು ಅದು ಸಂಜೆಯೊಳಗೆ ಮಾರಿಹೋಗಲಿ ಅಂತಲ್ಲ. ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ ಹೊಲಿಗೆ ಒಳಮೈ ಹೊರಮೈ ಎರಡರಲ್ಲೂ ಒಂದೇ ಸಮ ಕಾಣುವ ಹಾಗೆ ಹಾಕಿದ ಸೀರೆಗೆ ವಾರಗಟ್ಟಲೆ ಕೂಲಿ ಬಿದ್ದಿರುತ್ತದೆ. ಅದನ್ನು ನೋಡಿ ಮೆಟ್ಟಿಲು ಹತ್ತಿದವರು ಒಯ್ಯುವುದು ಬೇರೆಯದೇ ಸೀರೆ. ಕಾರಿನ ಧಂದೆಯಲ್ಲಿ ಇಂಥದ್ದಕ್ಕೆ ಹೇಲೋ (ಪ್ರಭಾವಳಿ) ಕಾರ್ ಅನ್ನುತ್ತಾರೆ. ನಾಲ್ಕು ನೂರೋ ಐದು ನೂರೋ ಮಾಡಿ ನಿಲ್ಲಿಸಿಬಿಡುವ, ಒಂದೊಂದರ ಮೇಲೂ ಬಹಳ ಸಲ ನಷ್ಟವನ್ನೇ ಹೊರುವ ಸೂಪರ್‌ಕಾರು.

ಇದರಿಂದ ಬ್ರ್ಯಾಂಡಿಗೆ ಲಾಭವಿದೆಯೇ? ಆ ಕಾರಿನ ಲೆಕ್ಕದ ಪುಸ್ತಕ ಮಾತ್ರ ತೆರೆದು ಕೂತರೆ ಉತ್ತರ ಸಿಗುವುದಿಲ್ಲ. ಗಾಜಿನ ಹಿಂದಿನ ಸೀರೆ ಹೊಲಿದ ಕೈ ಒಳಗಿನ ಕಪಾಟಿನ ಸೀರೆಗಳನ್ನೂ ಮುಟ್ಟಿದೆಯೋ ಇಲ್ಲವೋ, ಅದನ್ನು ನೋಡಬೇಕು.

ಟೊಯೊಟಾದ ದುಬಾರಿ ಬ್ರ್ಯಾಂಡ್ ಲೆಕ್ಸಸ್‌ನ ಸೂಪರ್‌ಕಾರು ಎಲ್‌ಎಫ್‌ಎಯಿಂದ ಶುರು ಮಾಡೋಣ. 2010ರ ಡಿಸೆಂಬರ್‌ನಿಂದ 2012ರ ಡಿಸೆಂಬರ್‌ವರೆಗೆ, ದಿನಕ್ಕೊಂದರ ಲೆಕ್ಕದಲ್ಲಿ, ಜಪಾನಿನ ಮೊಟೊಮಾಚಿ ಕಾರ್ಖಾನೆಯಲ್ಲಿ ಕಟ್ಟಿದ್ದು 500 ಕಾರು. ಯಮಹಾ ಜೊತೆ ಸೇರಿ ಮಾಡಿದ 4.8 ಲೀಟರ್ ವಿ10 (ಹತ್ತು ಸಿಲಿಂಡರಿನ) ಎಂಜಿನ್, ಕೆಂಪು ಗೆರೆ ಅಂದರೆ ವೇಗದ ಮಿತಿ 9,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು). ಐಡಲ್‌ನಿಂದ, ಅಂದರೆ ನಿಂತಲ್ಲೇ ನಿಧಾನ ತಿರುಗುವುದರಿಂದ, ಆ ಗೆರೆಗೆ ಏರಲು 0.6 ಸೆಕೆಂಡು. ಎಂಜಿನ್ ಸುತ್ತು ತೋರಿಸುವ ಮುಳ್ಳಿನ ಟ್ಯಾಕೋಮೀಟರ್ ಅಷ್ಟು ಬೇಗ ತಿರುಗಲಾರದು ಅಂತ ಡಿಜಿಟಲ್ ಪರದೆ ಹಾಕಿದರು. ಅಮೆರಿಕದಲ್ಲಿ ಬೆಲೆ 3,75,000 ಡಾಲರ್. ಕೊಂಡ ಮರುದಿನವೇ ಮೇಲಿನ ದರಕ್ಕೆ ಮಾರುವವರನ್ನು ತಡೆಯಲು ಅಲ್ಲಿ ಮೊದಲು ಲೀಸ್‌ಗೆ ಮಾತ್ರ ಕೊಡುತ್ತೇವೆ ಅಂದರು. ಅಷ್ಟೆಲ್ಲ ಹುಷಾರಿ ಮಾಡಿದರೂ, 2017ರಲ್ಲಿ ಅಮೆರಿಕದ ಡೀಲರ್‌ಗಳ ಹತ್ತಿರ ಮಾರಾಟವಾಗದ ಹೊಸ ಎಲ್‌ಎಫ್‌ಎಗಳು ಇನ್ನೂ ನಿಂತಿದ್ದವು. ಈಗ ಅದರ ನೂರ್‌ಬರ್ಗ್‌ರಿಂಗ್ ಪ್ಯಾಕೇಜಿನ ಕಾರು (ಜರ್ಮನಿಯ ರೇಸ್ ಟ್ರ್ಯಾಕಿನ ಹೆಸರಿನದು, ಮಾಡಿದ್ದು ಬಹಳ ಕಮ್ಮಿ) ಹತ್ತು ಲಕ್ಷ ಡಾಲರ್ ದಾಟಿ ಹರಾಜಾಗುತ್ತದೆ. ಆ ಏರಿಕೆಯ ಹಣ ಹೋಗುವುದು ಮಾರಿದವನ ಜೇಬಿಗೆ, ಲೆಕ್ಸಸ್‌ಗಲ್ಲ.

ಇಷ್ಟು ಕಡಿಮೆ ಕಾರು ಮಾಡಿದರೆ ನಷ್ಟ ಏಕಾಗುತ್ತದೆ ಅನ್ನುವುದಕ್ಕೆ ದೊಡ್ಡ ಗಣಿತ ಬೇಡ. ಲೆಕ್ಕದ ಸಲುವಾಗಿ ಅಭಿವೃದ್ಧಿಯ ಖರ್ಚು 1,000 ಕೋಟಿ ಅಂತ ಹಿಡಿಯಿರಿ. 500 ಕಾರಿಗೆ ಹಂಚಿದರೆ ಒಂದೊಂದರ ತಲೆಯ ಮೇಲೆ 2 ಕೋಟಿ. ಇನ್ನೂ ಒಂದು ಬೋಲ್ಟ್ ಕೊಂಡಿಲ್ಲ ಮತ್ತೆ! ಅದೇ ಖರ್ಚನ್ನು 5 ಲಕ್ಷ ಕಾರಿಗೆ ಹಂಚಿದರೆ ಒಂದಕ್ಕೆ 20,000 ರೂಪಾಯಿ. ಅಪಘಾತ ಪರೀಕ್ಷೆಗೆ ಒಡೆಯಬೇಕಾದ ಕಾರು, ಹೊಗೆ ಪರೀಕ್ಷೆ, ಏರ್‌ಬ್ಯಾಗ್ ಹೊಂದಿಸುವ ಕೆಲಸ, ಹತ್ತು ಹದಿನೈದು ವರ್ಷಕ್ಕೆ ಕೂಡಿಡಬೇಕಾದ ಬಿಡಿಭಾಗ, ಇವು ಯಾವುವೂ ಕಾರಿನ ಸಂಖ್ಯೆ ಕಮ್ಮಿಯಾಯಿತೆಂದು ಅದೇ ಪ್ರಮಾಣದಲ್ಲಿ ಕಮ್ಮಿ ಆಗುವುದಿಲ್ಲ.

ಕಾರ್ಬನ್ ಫೈಬರ್ ಬರುವುದೂ ಈ ಲೆಕ್ಕದಿಂದಲೇ. ಉಕ್ಕಿನ ಹಾಳೆ ಒತ್ತುವ ಡೈಗಳು ಭಾರೀ ತುಟ್ಟಿ. ಹತ್ತಾರು ಸಾವಿರ ಕಾರು ಒತ್ತಿದರೆ ಮಾತ್ರ ಹೊರೆ ಹಗುರ. ಕಾರ್ಬನ್‌ಗೆ ಉಲ್ಟಾ: ಅಚ್ಚು ಅಗ್ಗ, ಕೂಲಿ ತುಟ್ಟಿ. ರಾಳ ಹೀರಿದ ಕಾರ್ಬನ್ ಎಳೆಯ ಬಟ್ಟೆಯನ್ನು, ಅಂದರೆ ಪ್ರಿಪ್ರೆಗ್ಗನ್ನು, ಸೊನ್ನೆಗಿಂತ ಕೆಳಗೆ ಸುಮಾರು 18 ಡಿಗ್ರಿಯ ಫ್ರೀಜರ್‌ನಲ್ಲಿ ಇಡಬೇಕು. ಹೊರಗೆ ತೆಗೆದ ಗಳಿಗೆಯಿಂದ ಗಂಟೆ ಲೆಕ್ಕ ಶುರು, ಅವಧಿ ಮೀರಿದರೆ ರಾಳ ತಾನಾಗಿ ಬಿಗಿಯುತ್ತದೆ. ಪದರ ಪದರವಾಗಿ ಎಳೆಯ ದಿಕ್ಕು ನೋಡಿ ಕೈಯಿಂದ ಹಾಸಿ, ವ್ಯಾಕ್ಯೂಮ್ ಚೀಲ ಮುಚ್ಚಿ, ಗಾಳಿ ಎಳೆದು, ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರ್‌ನಲ್ಲಿ ಒತ್ತಡ ಕೊಟ್ಟು 120ರಿಂದ 180 ಡಿಗ್ರಿಯಲ್ಲಿ ಬೇಯಿಸಬೇಕು. ಚೀಲದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒತ್ತಡ ಕೂರುವುದಿಲ್ಲ, ಪದರಗಳ ನಡುವೆ ಗುಳ್ಳೆ ಉಳಿಯುತ್ತದೆ. ಮೂಲೆಯಲ್ಲಿ ಬಟ್ಟೆ ಅಚ್ಚಿಗೆ ತಾಗದೆ ಸೇತುವೆ ಹಾಗೆ ನಿಂತರೆ ಅಲ್ಲಿ ಬರೀ ರಾಳ ತುಂಬಿಕೊಂಡು ಆ ಭಾಗ ದುರ್ಬಲವಾಗುತ್ತದೆ. ಉಕ್ಕಿನ ಬಾಗಿಲನ್ನು ಬಡಿದು ಸರಿ ಮಾಡಬಹುದು. ಬೆಂದ ಕಾರ್ಬನ್ ತೊಟ್ಟಿಯಲ್ಲಿ ಗುಳ್ಳೆ ಸಿಕ್ಕರೆ ಬಹಳ ಸಲ ಗುಜರಿಯೇ ಗತಿ.

ಎಲ್‌ಎಫ್‌ಎಯನ್ನು ಮೊದಲು ಅಲ್ಯೂಮಿನಿಯಂನಲ್ಲಿ ಹೊರಟು, ನಡುದಾರಿಯಲ್ಲಿ ಕಾರ್ಬನ್‌ಗೆ ಬದಲಿಸಿದರು. ವಿಂಡ್‌ಶೀಲ್ಡ್ ಪಕ್ಕದ ಕಂಬಗಳನ್ನು ಹೊಲಿಗೆಯಿಲ್ಲದ ಕೊಳವೆಯಾಗಿ ನೇಯಲು ಗುಂಡನೆಯ ಮಗ್ಗವೊಂದನ್ನು ಮಾಡಿಕೊಂಡರು. ಟೊಯೊಟಾ ಹುಟ್ಟಿದ್ದೇ ಮಗ್ಗದಿಂದ, 1926ರಲ್ಲಿ ಟೊಯೊಡಾ ಸ್ವಯಂಚಾಲಿತ ಮಗ್ಗದ ಕಂಪನಿಯಾಗಿ. ಗದಗ-ಬೆಟಗೇರಿಯ ನೇಕಾರರಿಗೆ ಆ ಯಂತ್ರದ ಮುಂದೆ ಎರಡು ನಿಮಿಷ ನಿಂತರೆ ಸಾಕು, ಎಲ್ಲಿ ಏನು ನಡೆದಿದೆ ಅಂತ ತಿಳಿದೀತು. ಮೋಟರು ಪತ್ರಿಕೆಯವರಿಗೆ ವಿವರಿಸಲು ಪುಟಗಟ್ಟಲೆ ಬೇಕಾಯಿತು.

ಇಷ್ಟೆಲ್ಲ ಆಗಿ ಲೆಕ್ಸಸ್‌ಗೆ ದಕ್ಕಿದ್ದೇನು? ಭಾರತಕ್ಕೆ ಲೆಕ್ಸಸ್ ಬಂದದ್ದೇ 2017ರಲ್ಲಿ, ಎಲ್‌ಎಫ್‌ಎ ನಿಂತು ನಾಲ್ಕು ವರ್ಷ ಕಳೆದ ಮೇಲೆ. ನಮ್ಮ ಬಿಡದಿಯಲ್ಲಿ ಜೋಡಿಸಿದ ಇಎಸ್ 300ಎಚ್ 2.5 ಲೀಟರ್ ನಾಲ್ಕು ಸಿಲಿಂಡರಿನ ಹೈಬ್ರಿಡ್. ಅದರಲ್ಲಿ ಆ ವಿ10ರ ಒಂದು ವಾಲ್ವೂ ಇಲ್ಲ. ಗಿರಾಕಿಗೆ ಬೇಕಾದದ್ದು ಸದ್ದಿಲ್ಲದ ಓಟ ಮತ್ತು ಮೈಲೇಜು, ಗಾಜಿನ ಹಿಂದೆ ತೂಗಿದ್ದು 9,000 ಆರ್‌ಪಿಎಂ ಕೂಗು. ಎರಡಕ್ಕೂ ತಾಳೆಯಿಲ್ಲ. ಶೋರೂಮಿನ ಮಟ್ಟಿಗೆ ಎಲ್‌ಎಫ್‌ಎ ಬಹುಮಟ್ಟಿಗೆ ವ್ಯರ್ಥ ಅನ್ನುವುದು ನನ್ನ ತೀರ್ಮಾನ.

ಆದರೆ ಕಾರ್ಖಾನೆಯ ಮಟ್ಟಿಗೆ ಅಲ್ಲ. ಎಲ್‌ಎಫ್‌ಎ ಕಟ್ಟಿದ ಮೊಟೊಮಾಚಿಯ ಆ ಕಾರ್ಯಾಗಾರದಲ್ಲಿಯೇ 2014ರ ಕೊನೆಗೆ ಹೈಡ್ರೋಜನ್ ಓಟದ ಮಿರಾಯ್ ಕಟ್ಟುವ ಕೆಲಸ ಶುರುವಾಯಿತು. ಸಾಲಿನಲ್ಲಿ ಓಡದ, ಕೈಯಿಂದ ನಿಧಾನ ಜೋಡಿಸುವ ಕಾರಿಗೆ ಬೇಕಾದ ಜಾಗವೂ ಅಭ್ಯಾಸವೂ ಅಲ್ಲಿ ತಯಾರಿದ್ದವು. ಇಂಥ ಲಾಭ ಜಾಹೀರಾತಿನಲ್ಲಿ ಕಾಣುವುದಿಲ್ಲ, ಮಾರಾಟದ ಅಂಕಿಯಲ್ಲೂ ಕಾಣುವುದಿಲ್ಲ.

ಇನ್ನು ಬಿಎಂಡಬ್ಲ್ಯು ಎಂ1. ವ್ಯಾಪಾರವಾಗಿ ನೋಡಿದರೆ ಪೂರ್ತಿ ಎಡವಟ್ಟು. ರೇಸಿಂಗಿನ ಗ್ರೂಪ್ 4 ಎಂಬ ವರ್ಗಕ್ಕೆ ಅರ್ಹತೆ ಸಿಗಲು 400 ಕಾರು ಮಾಡಬೇಕಿತ್ತು. ಕಟ್ಟುವ ಗುತ್ತಿಗೆ ಲ್ಯಾಂಬೋರ್ಗಿನಿಗೆ ಕೊಟ್ಟರು, ಅವರೇ ದುಡ್ಡಿಲ್ಲದೆ ಕುಸಿದರು. ಬಿಎಂಡಬ್ಲ್ಯು ಕೆಲಸ ವಾಪಸ್ ತಗೊಂಡು ಚೌಕಟ್ಟು ಒಂದು ಕಡೆ, ಫೈಬರ್‌ಗ್ಲಾಸ್ ಮೈ ಇನ್ನೊಂದು ಕಡೆ ಇಟಲಿಯಲ್ಲಿ ಮಾಡಿಸಿ, ಜರ್ಮನಿಗೆ ತಂದು ಮುಗಿಸಿತು. 1978ರಿಂದ 1981ರವರೆಗೆ ಒಟ್ಟು ಸುಮಾರು 450 ಕಾರು. ಬೇಕಾದ ಸಂಖ್ಯೆ ಮುಟ್ಟುವ ಹೊತ್ತಿಗೆ ರೇಸಿಂಗ್ ನಿಯಮ ಮುಂದೆ ಹೋಗಿತ್ತು. ನಿಂತ ಕಾರುಗಳಿಗೆ ಕೆಲಸ ಕೊಡಲು ಪ್ರೊಕಾರ್ ಎಂಬ ಸರಣಿ ಮಾಡಿ ಫಾರ್ಮುಲಾ ಒನ್ ಪಂದ್ಯಗಳ ಜೊತೆ ಓಡಿಸಿದರು: 1979ರಲ್ಲಿ ನಿಕಿ ಲೌಡಾ ಗೆದ್ದರು, 1980ರಲ್ಲಿ ನೆಲ್ಸನ್ ಪಿಕೆ.

ಎಂ1ರ 24 ವಾಲ್ವಿನ 3.5 ಲೀಟರ್ ಆರು ಸಿಲಿಂಡರ್ ಎಂಜಿನ್ನು, ಎಂ88 ಅದರ ಹೆಸರು, ಅಲ್ಲಿಗೇ ನಿಲ್ಲಲಿಲ್ಲ. ತಿದ್ದಿದ ರೂಪದಲ್ಲಿ ಎಂ635ಸಿಎಸ್‌ಐಗೆ ಬಂತು, 1985ರಲ್ಲಿ ಮೊದಲ ಎಂ5 ಸೆಡಾನಿಗೂ ಬಂತು. ಅದರ ಸಿಲಿಂಡರ್ ಹೆಡ್ಡಿನಲ್ಲಿ ಎರಡು ಸಿಲಿಂಡರ್ ಕಡಿದು ನಾಲ್ಕು ಉಳಿಸಿ ಮೊದಲ ಎಂ3 ಎಂಜಿನ್ನಿನ ಮಾದರಿ ಕಟ್ಟಿದರು. ಆ ಎಂ3 ಸುಮಾರು 18,000 ಮಾರಿತು. ಇವತ್ತು ಬಂಪರಿಗೂ ಸ್ಟೇರಿಂಗಿಗೂ ಅಂಟಿಸಿ ಹೆಚ್ಚಿನ ಹಣ ಎಣಿಸಿಕೊಳ್ಳುವ ಎಂ ಅಕ್ಷರದ ಬೇರು ಆ 450 ಕಾರಿನಲ್ಲಿದೆ. ನಷ್ಟದ ಕಾರಿನಿಂದ ಲಾಭ ಬರುವುದು ಅಂದರೆ ಹೀಗೆ, ನಾಲ್ಕು ಬಾಗಿಲಿನ ಕಾರಿನ ಬಾನೆಟ್ ಕೆಳಗೆ.

ಜಾಗ್ವಾರ್ ಕಥೆ ಧಾರವಾಡದವರಿಗೆ ಸ್ವಲ್ಪ ಹತ್ತಿರದ್ದು. ಟಾಟಾ ಕಾರ್ಖಾನೆ ನಮ್ಮ ಹೆದ್ದಾರಿಯ ಪಕ್ಕದಲ್ಲೇ ಇದೆ, 2008ರಿಂದ ಜಾಗ್ವಾರ್ ಅದೇ ಟಾಟಾದ್ದು. ಎಕ್ಸ್‌ಜೆ220 ಅದಕ್ಕೂ ಬಹಳ ಹಿಂದಿನ ಮಾತು. 1988ರ ಬರ್ಮಿಂಗ್‌ಹ್ಯಾಮ್ ಮೋಟರ್ ಶೋನಲ್ಲಿ ತೋರಿಸಿದ್ದು ವಿ12 ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. 50,000 ಪೌಂಡ್ ಮುಂಗಡ ಕೊಟ್ಟು ಜನ ಹೆಸರು ಬರೆಸಿದರು, 350ಕ್ಕಿಂತ ಹೆಚ್ಚು ಮಾಡುವುದಿಲ್ಲ ಅಂತ ಕಂಪನಿ ಹೇಳಿತು. 1992ರಲ್ಲಿ ಕೈಗೆ ಬಂದದ್ದು 3.5 ಲೀಟರ್ ವಿ6 ಟ್ವಿನ್ ಟರ್ಬೊ, ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಎಂಜಿನಿಯರಿಂಗ್ ದೃಷ್ಟಿಯಿಂದ ಬದಲಾವಣೆ ಸರಿಯೇ ಇತ್ತು: ವಿ12 ಭಾರ, ಹೊಗೆಯ ನಿಯಮಕ್ಕೆ ಒಗ್ಗಿಸುವುದು ಕಷ್ಟ. ಕಾರೂ ಗಂಟೆಗೆ 340 ಕಿ.ಮೀ. ದಾಟಿತು. ಆದರೆ ಗಿರಾಕಿ ಕೊಂಡದ್ದು ವೇಗವನ್ನಲ್ಲ, ವಿ12 ಎಂಬ ಮಾತನ್ನು. ಅಷ್ಟರಲ್ಲಿ ಆರ್ಥಿಕ ಹಿಂಜರಿತ ಬಂತು, ಬೆಲೆ ಏರಿತು, ಕೊಳ್ಳಲೊಲ್ಲೆ ಎಂದವರೊಡನೆ ಕಂಪನಿ ಕೋರ್ಟು ಮೆಟ್ಟಿಲು ಹತ್ತಿತು. 280ರ ಆಸುಪಾಸಿಗೆ ತಯಾರಿಕೆ ನಿಂತಿತು. ಯಾರನ್ನು ಹೆಮ್ಮೆಯ ಗಿರಾಕಿ ಅಂತ ತೋರಿಸಬೇಕಿತ್ತೋ ಅವರ ಜೊತೆಗೇ ವ್ಯಾಜ್ಯ! ಇದಕ್ಕಿಂತ ಕೆಟ್ಟ ಜಾಹೀರಾತು ದುಡ್ಡು ಕೊಟ್ಟರೂ ಸಿಗದು.

ಟಾಟಾ ಕೈಯಲ್ಲಿ ಜಾಗ್ವಾರ್ ಮತ್ತೆ ಅದೇ ದಾರಿ ಹಿಡಿಯುವುದರಲ್ಲಿತ್ತು. 2010ರಲ್ಲಿ ಸಿ-ಎಕ್ಸ್75 ಎಂಬ ಮಾದರಿ ಬಂತು, ಸಣ್ಣ ಗ್ಯಾಸ್ ಟರ್ಬೈನ್‌ಗಳಿಂದ ಬ್ಯಾಟರಿ ತುಂಬಿಸುವ ಕಲ್ಪನೆ. ಫಾರ್ಮುಲಾ ಒನ್ ತಂಡ ವಿಲಿಯಮ್ಸ್ ಜೊತೆ ಸೇರಿ 250 ಮಾಡುತ್ತೇವೆ ಅಂದರು. ಟರ್ಬೈನ್ ಹೋಗಿ 1.6 ಲೀಟರ್ ಪೆಟ್ರೋಲ್ ಎಂಜಿನ್ ಬಂತು, ವಿ12 ಹೋಗಿ ವಿ6 ಬಂದ ಹಾಗೆಯೇ. 2012ರ ಡಿಸೆಂಬರ್‌ನಲ್ಲಿ ಯೋಜನೆ ಕೈಬಿಟ್ಟರು. ಬಹಳ ಜನ ಬೇಜಾರು ಮಾಡಿಕೊಂಡರು, ಆದರೆ ಅದು ಶಾಣ್ಯಾತನದ ನಿರ್ಧಾರ. ಮರುವರ್ಷ ಬಂದ ಎಫ್-ಟೈಪ್ ಶೋರೂಮಿನಲ್ಲಿ ನಿಂತು ಮಾರಾಟವಾಗುವ ಕಾರಾಗಿತ್ತು.

ಇಷ್ಟಾದ ಮೇಲೆ, ತಂತ್ರಜ್ಞಾನ ಕೆಳಗಿಳಿದರೆ ಸಾಕು, ಲಾಭ ಗ್ಯಾರಂಟಿ ಅನ್ನಿಸಬಹುದು. ಮರ್ಸಿಡಿಸ್ ಅದನ್ನು ಸುಳ್ಳು ಮಾಡಿತು ನೋಡ್ರಿ. ಎಎಂಜಿ ಒನ್, 275 ಕಾರು, ಫಾರ್ಮುಲಾ ಒನ್‌ನ 1.6 ಲೀಟರ್ ವಿ6 ಹೈಬ್ರಿಡ್ ಎಂಜಿನ್. 2017ರಲ್ಲಿ ತೋರಿಸಿದ ಕಾರು ಗಿರಾಕಿಯ ಕೈ ಸೇರಲು ಶುರುವಾದದ್ದು 2023ರಲ್ಲಿ. ರೇಸಿನಲ್ಲಿ 5,000 ಆರ್‌ಪಿಎಂ ಆಸುಪಾಸಿನಲ್ಲಿ ಐಡಲ್ ಆಗುವ ಎಂಜಿನ್ನನ್ನು 1,200ಕ್ಕೆ ಇಳಿಸಿ, ಹೊಗೆಯ ಪರೀಕ್ಷೆಯನ್ನೂ ದಾಟಿಸುವುದರಲ್ಲಿ ವರ್ಷಗಳು ಹೋದವು. 50,000 ಕಿ.ಮೀ.ಗೆ ಎಂಜಿನ್ ಬಿಚ್ಚಿ ಪೂರ್ತಿ ಓವರ್‌ಹಾಲ್ ಮಾಡಬೇಕು. ಆ ಫಾರ್ಮುಲಾ ಒನ್ ಕೆಲಸದಿಂದ ಬಂದ ವಿದ್ಯುತ್ ಟರ್ಬೊ ಸಿ63 ಸೆಡಾನಿಗೆ ಇಳಿಯಿತು, ನಿಜ. 2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ ಮತ್ತು ಮೋಟರ್ ಸೇರಿ 680 ಕುದುರೆ ಶಕ್ತಿ. ಕಾಗದದ ಮೇಲೆ ಹಿಂದಿನ ವಿ8ಗಿಂತ ಶಕ್ತಿ ಜಾಸ್ತಿ. ಆದರೆ ಸಿ63 ಕೊಳ್ಳುತ್ತಿದ್ದವರು ಕೊಳ್ಳುತ್ತಿದ್ದುದೇ ವಿ8ರ ಗುಡುಗಿಗೆ. ಇಳಕಲ್ ಸೀರೆ ಕೇಳಿದವರಿಗೆ ಅದಕ್ಕಿಂತ ಗಟ್ಟಿಯಾದ ನೈಲಾನ್ ತೋರಿಸಿದ ಹಾಗಾಯಿತು.

ಲ್ಯಾಂಬೋರ್ಗಿನಿಯವರದು ಬೇರೆ ಲೆಕ್ಕ, ಅದರಲ್ಲಿ ಮುಚ್ಚುಮರೆ ಇಲ್ಲ. 2007ರ ರೆವೆಂಟಾನ್‌ಗೆ ಎಂಜಿನ್, ಗೇರ್‌ಬಾಕ್ಸ್, ಚೌಕಟ್ಟು ಎಲ್ಲ ಮುರ್ಸಿಯಲಾಗೊದ್ದೇ, ಮೈ ಮಾತ್ರ ಹೊಸದು. ಗಿರಾಕಿಗಳಿಗೆ 20 ಕಾರು, ತೆರಿಗೆ ಬಿಟ್ಟು 10 ಲಕ್ಷ ಯೂರೊ. ಖರ್ಚೆಲ್ಲ ಹಳೆಯ ಕಾರಿನ ಲೆಕ್ಕದಲ್ಲಿ ಮೊದಲೇ ತೀರಿದ್ದು. ಫೆರಾರಿ ಇನ್ನೊಂದು ಹೆಜ್ಜೆ ಮುಂದೆ: 499 ಲಾಫೆರಾರಿಗಳನ್ನು ಹಳೆಯ ಗಿರಾಕಿಗಳಿಗೇ ಹಂಚಿದರು. ಮುಂದಿನದಕ್ಕೆ ಕರೆ ಬರಲಿ ಅನ್ನುವವರು ಇವತ್ತಿನ ಸಾಮಾನ್ಯ ಫೆರಾರಿಗಳನ್ನು ಕೊಳ್ಳುತ್ತ ಇರಬೇಕು.

ಲಾಭ ಆಯಿತೋ ಇಲ್ಲವೋ ಅಳೆಯಬೇಕೆಂದರೆ ಪೋಸ್ಟರು, ಯೂಟ್ಯೂಬ್ ವೀಕ್ಷಣೆ ಎಣಿಸಬೇಡಿ. ಅದೇ ಬ್ರ್ಯಾಂಡಿನ ಮಾಮೂಲಿ ಕಾರಿನ ಮೇಲೆ ವರ್ಷದ ಕೊನೆಗೆ ಡೀಲರ್ ಎಷ್ಟು ಡಿಸ್ಕೌಂಟ್ ಬಿಡುತ್ತಿದ್ದಾನೆ, ಮೂರು ವರ್ಷದ ಹಳೆಯ ಕಾರಿಗೆ ಎಷ್ಟು ಬೆಲೆ ನಿಂತಿದೆ, ಈ ಎರಡು ನೋಡಿ. ಮೇಲಿನ ಉದಾಹರಣೆಯಲ್ಲಿ 5 ಲಕ್ಷ ಕಾರಿನ ಮೇಲೆ ತಲಾ 20,000 ರೂಪಾಯಿ ರಿಯಾಯಿತಿ ಉಳಿಸಿದರೂ 1,000 ಕೋಟಿ ವಾಪಸ್ ಬಂದಂತೆ.

ನಮ್ಮ ಊರಿಗೆ ಇಂಥ ಕಾರು ಬರುವ ಮಾತು ಕೇಳಲೇಬೇಡಿ. ವಿದೇಶದಿಂದ ಪೂರ್ತಿ ಕಟ್ಟಿ ಬಂದ, 40,000 ಡಾಲರ್ ಮೀರಿದ ಕಾರಿಗೆ 2025ರ ಬಜೆಟ್ ಪ್ರಕಾರ ಸುಂಕ 70, ಕೃಷಿ ಸೆಸ್ 40, ಒಟ್ಟು ಶೇ. 110. 1 ಕೋಟಿಯ ಕಾರು ಬಂದರಿನಲ್ಲೇ 2.10 ಕೋಟಿ. ಅದರ ಮೇಲೆ ಶೇ. 40 ಜಿಎಸ್‌ಟಿ ಬಿದ್ದರೆ 2.94 ಕೋಟಿ. ಆರ್‌ಟಿಒದಲ್ಲಿ ಕರ್ನಾಟಕದ ಶೇ. 18 ಜೀವಿತಾವಧಿ ತೆರಿಗೆ ಸೇರಿದರೆ 3.47 ಕೋಟಿ ಹತ್ತಿರ. ವಿಮೆ, ಡೀಲರ್ ಲಾಭ ಬೇರೆ. ಲಾಫೆರಾರಿಯಂತೆ ಎಡಗಡೆ ಸ್ಟೇರಿಂಗಿನಲ್ಲಿ ಮಾತ್ರ ಮಾಡಿದ ಕಾರಾದರೆ ದುಡ್ಡಿದ್ದರೂ ಇಲ್ಲಿ ಮಾಮೂಲಿ ನೋಂದಣಿ ಇಲ್ಲ.

ಹಿಂಗಾಗಿ ಗೋಕುಲ ರೋಡಿನಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಸೂಪರ್‌ಕಾರಿನ ನೆರಳು ಮಾತ್ರ, ಅಂದರೆ ಬ್ಯಾಡ್ಜು. ಅದಕ್ಕೆ ದುಡ್ಡು ಕೊಡುವ ಮುಂಚೆ ಎಂಜಿನ್ ಕೋಡ್ ಕೇಳಿ. ಬಿಎಂಡಬ್ಲ್ಯುನಲ್ಲಿ ಎಂ ಸ್ಪೋರ್ಟ್ ಅಂದರೆ ಮುಖ್ಯವಾಗಿ ಬಂಪರ್, ಚಕ್ರ, ಸ್ಟೇರಿಂಗ್, ಕೆಲವಕ್ಕೆ ಸಸ್ಪೆನ್ಷನ್. ಎಂಜಿನ್ ಮಾಮೂಲಿಯದೇ. ಚೆನ್ನೈನಲ್ಲಿ ಜೋಡಿಸುವ ಎಂ340ಐನಲ್ಲಿ ಬಿ58, ಅದು ಒಳ್ಳೆಯ ಎಂಜಿನ್ನೇ, ಆದರೆ ಎಂ3ರ ಎಸ್58 ಅಲ್ಲ. ಮರ್ಸಿಡಿಸ್‌ನಲ್ಲಿ ಎಎಂಜಿ ಲೈನ್, ಆಡಿಯಲ್ಲಿ ಎಸ್ ಲೈನ್ ಇದೇ ಜಾತಿಯವು. ಬಿಎಂಡಬ್ಲ್ಯು ಶೋರೂಮಿನಲ್ಲಿ ಕೋಡಿನ ಮೊದಲ ಅಕ್ಷರ ಬಿ ಇದೆಯೋ ಎಸ್ ಇದೆಯೋ ಅಂತ ಕೇಳಿದಾಗ ಸೇಲ್ಸ್‌ನ ಹುಡುಗ ಮ್ಯಾನೇಜರನ್ನು ಕರೆಯಲು ಒಳಗೆ ಹೋದರೆ, ಆ ಬ್ಯಾಡ್ಜಿನ ದರ ಅಲ್ಲೇ ಇಳಿಸಿ ಮಾತಾಡಬಹುದು.