ಚೀನಾದಲ್ಲಿ ಹತ್ತು ದಿನ ಏನು ತಿಂದಿರಿ?

ಚೀನಾದಿಂದ ವಾಪಸ್ ಬಂದ ಮೇಲೆ ಮಹಾಗೋಡೆ ಹೇಗಿತ್ತು ಅಂತ ಮೊದಲು ಕೇಳಿದವರು ಒಬ್ಬರೂ ಇಲ್ಲ. ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ ಒಂದೇ ಪ್ರಶ್ನೆ. "ನೀವು ಸಸ್ಯಾಹಾರಿಗಳು ಅಲ್ವಾ? ಅಲ್ಲಿ ಊಟಕ್ಕೆ ಏನು ಮಾಡಿದಿರಿ?"

ಹೊಟ್ಟೆ ತುಂಬ ತಿಂದೆವು. ಮೊದಲ ರಾತ್ರಿ ಒಂದು ಬಿಟ್ಟು.

ನಾವು ನಾಲ್ಕು ಜನ ಹೋಗಿದ್ದೆವು. ನಾನು, ನನ್ನ ಗಂಡ, ಹತ್ತು ವರ್ಷದ ಮಗಳು, ಅರವತ್ತೆಂಟು ದಾಟಿದ ಅತ್ತೆ. ಬೀಜಿಂಗ್, ಶಿಯಾನ್, ಶಾಂಘೈ ಮೂರು ಊರು. ಮೊದಲ ದಿನ ಬೀಜಿಂಗಿನ ಅರಮನೆ ನೋಡಿದೆವು. 1420ರಲ್ಲಿ ಕಟ್ಟಿ ಮುಗಿಸಿದ ಅರಮನೆ, ಒಂದು ಅಂಗಳ ದಾಟಿದರೆ ಇನ್ನೊಂದು ಅಂಗಳ, ನಡೆದು ನಡೆದು ಎಲ್ಲರಿಗೂ ಕಾಲು ಸೋತಿತ್ತು. ಸಂಜೆ ಹೋಟೆಲಿಗೆ ಹತ್ತಿರದ ಒಂದು ಚಿಕ್ಕ ಊಟದ ಮನೆಗೆ ಹೋದೆವು. ಚಿತ್ರ ತೋರಿಸಿ ಹುರುಳಿಕಾಯಿ ಪಲ್ಯ ಹೇಳಿದೆ. ಫೋನಿನಲ್ಲಿ "ಮಾಂಸ ಬೇಡ" ಅಂತ ಅನುವಾದ ಮಾಡಿಯೂ ತೋರಿಸಿದೆ. ಬಂದ ತಟ್ಟೆಯಲ್ಲಿ ಹುರುಳಿಕಾಯಿಯ ನಡುವೆ ಕಂದು ಬಣ್ಣದ ಸಣ್ಣ ಸಣ್ಣ ಚೂರು. ಹಂದಿ ಮಾಂಸದ ಕೈಮಾ. ಅತ್ತೆ ಚಮಚ ಕೆಳಗಿಟ್ಟರು. ಒಂದು ಮಾತೂ ಆಡಲಿಲ್ಲ. ರೂಮಿಗೆ ಬಂದು ಅವಲಕ್ಕಿ ತಿಂದು ಮಲಗಿದರು. ವಯಸ್ಸಾದವರನ್ನು ಇಷ್ಟು ದೂರ ಕರೆದುಕೊಂಡು ಬಂದು ಉಪವಾಸ ಕೆಡವುತ್ತಿದ್ದೇನಲ್ಲ ಅಂತ ನನಗೆ ನಿದ್ದೆಯೇ ಬರಲಿಲ್ಲ.

ಅವರು ಮೋಸ ಮಾಡಿದ್ದಲ್ಲ. ಅಲ್ಲಿ ಅದು ತರಕಾರಿ ಪಲ್ಯವೇ. ನಾವು ಒಗ್ಗರಣೆಗೆ ಸಾಸಿವೆ ಹಾಕುವ ಹಾಗೆ ಅವರು ರುಚಿಗೆ ಒಂದಿಷ್ಟು ಕೈಮಾ ಹಾಕುತ್ತಾರೆ. ಜೊತೆಗೆ, ಬರೀ ಮಾಂಸ ಅಂದರೆ ಅಲ್ಲಿ ಬಹಳ ಸಲ ಹಂದಿ ಮಾಂಸ ಅಂತಲೇ ಅರ್ಥ. ಅದನ್ನು ಬೇಡ ಅಂದರೂ ಕೋಳಿ ಸಾರು, ಒಣ ಸೀಗಡಿ, ಸಿಂಪಿ (ಆಯ್ಸ್ಟರ್) ಸಾಸ್ ಬರಬಹುದು.

ಮಾರನೇ ದಿನ ಬೆಳಿಗ್ಗೆ ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿಗೆ ಕಷ್ಟ ಹೇಳಿಕೊಂಡೆ. ಅವಳು ಚೀನೀ ಅಕ್ಷರದಲ್ಲಿ ಒಂದು ಚೀಟಿ ಬರೆದುಕೊಟ್ಟಳು. ಒಂದು ಮಾತೂ ಕಲಿಸಿದಳು: "ವೋ ಛ ಸು." ನಾನು ಸಸ್ಯಾಹಾರಿ ಅಂತ. 'ಸು' ಅನ್ನುವಾಗ ದನಿ ಮೇಲಿನಿಂದ ಕೆಳಗೆ ಬೀಳಬೇಕು, ಮಕ್ಕಳನ್ನು ಗದರಿಸುವ ಹಾಗೆ. ಮಗಳು ಐದು ನಿಮಿಷದಲ್ಲಿ ಕಲಿತಳು. ನನಗೆ ಎರಡು ದಿನ ಬೇಕಾಯಿತು.

ಆ 'ಸು' ಇದೆಯಲ್ಲ, ಅದು ಬೌದ್ಧ ಮಠಗಳ ಊಟ. ಆರನೇ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಅನ್ನುವ ದೊರೆ ಭಿಕ್ಷುಗಳು ಮಾಂಸ ಮುಟ್ಟಬಾರದು ಅಂತ ಕಟ್ಟುನಿಟ್ಟು ಮಾಡಿದ. ಈಗಲೂ ಎಷ್ಟೋ ಭಕ್ತರು ಚಾಂದ್ರಮಾನ ತಿಂಗಳ ಒಂದನೇ ದಿನ ಮತ್ತು ಹದಿನೈದನೇ ದಿನ 'ಸು' ತಿನ್ನುತ್ತಾರೆ. ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ. ಕಟ್ಟಾ 'ಸು' ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಮಾತು ಕೇಳಿದ ಮೇಲೆ ಅತ್ತೆಯ ಮುಖ ಸಡಿಲಾಯಿತು. ಬೀಜಿಂಗಿನ ಲಾಮಾ ಮಂದಿರದ ಸುತ್ತಮುತ್ತ ಇಂಥ ಊಟದ ಮನೆಗಳು ಸಿಗುತ್ತವೆ.

ಅಲ್ಲಿಂದ ಮುಂದೆ ಸುಲಭ. ಸಣ್ಣಗೆ ಹೆಚ್ಚಿ ವಿನೆಗರ್, ಒಣಮೆಣಸಿನಕಾಯಿ ಹಾಕಿ ಹುರಿದ ಆಲೂಗಡ್ಡೆ ಎಲ್ಲ ಊರಲ್ಲೂ ಸಿಕ್ಕಿತು. ಬದನೆಕಾಯಿ, ಆಲೂ, ದೊಣ್ಣೆಮೆಣಸಿನಕಾಯಿ ಸೇರಿಸಿದ ಪಲ್ಯ, ಜಜ್ಜಿದ ಸೌತೆಕಾಯಿ, ಸೋಯಾ ಹಾಲಿನ ಪನೀರಿನಂಥ ತೋಫು. ಅನ್ನಕ್ಕೆ "ಮಿ ಫಾನ್" ಅನ್ನಬೇಕು. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕೊನೆಗೆ ತರುತ್ತಾರೆ. ಬೀಜಿಂಗಿನಲ್ಲಿ ಪಿಂಗಾಣಿ ಕುಡಿಕೆಯಲ್ಲಿ ಮೊಸರು ಮಾರುತ್ತಾರೆ, ಸ್ಟ್ರಾ ಹಾಕಿ ಕುಡಿಯಬೇಕು. ಸ್ವಲ್ಪ ಸಿಹಿ, ಅನ್ನಕ್ಕೆ ಕಲಸಲು ಆಗದು. ಆದರೂ ಅತ್ತೆ ದಿನಾ ಒಂದು ಕುಡಿದರು. ಮುಟಿಯಾನ್‌ಯು ಹತ್ತಿರ ಮಹಾಗೋಡೆ ಹತ್ತಿದ ದಿನ ಬೇಯಿಸಿದ ಜೋಳ, ಸುಟ್ಟ ಗೆಣಸು ಸಾಕಾಯಿತು.

ರೈಲಿನಲ್ಲಿ ಕುದಿಯುವ ನೀರು ಪುಕ್ಕಟೆ. ಬೀಜಿಂಗಿನಿಂದ ಶಿಯಾನ್‌ಗೆ ಸುಮಾರು 1,200 ಕಿಲೋಮೀಟರ್. ದಾರಿಯಲ್ಲಿ ನೀರು ಹಿಡಿದು, ಮನೆಯಿಂದ ತಂದ ಉಪ್ಪಿಟ್ಟಿನ ರೆಡಿಮಿಕ್ಸ್ ಪ್ಯಾಕೆಟ್ಟಿಗೆ ಹಾಕಿ ಮುಚ್ಚಿಟ್ಟೆವು. ಇಂಥ ಪ್ಯಾಕೆಟ್ ನಾಲ್ಕೈದು ಸಾಕು. ನಾನು ಅರ್ಧ ಸೂಟ್‌ಕೇಸ್ ತುಂಬಿಸಿದ್ದೆ, ಅದು ಜಾಸ್ತಿ ಆಯಿತು.

ಊಟದ ವಿಷಯಕ್ಕೆ ನನಗೆ ತುಂಬ ಇಷ್ಟವಾದ ಊರು ಶಿಯಾನ್. ಅಲ್ಲಿ ಲಿಯಾಂಗ್‌ಪಿ ಅಂತ ಒಂದು ತಣ್ಣನೆಯ ತಿಂಡಿ. ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ಕಿವುಚಿ, ಹಾಲು ತೆಗೆದು, ತಳಕ್ಕೆ ಇಳಿದ ಗಸಿಯನ್ನು ತಟ್ಟೆಯಲ್ಲಿ ಹಬೆಗೆ ಬೇಯಿಸಿ, ರಿಬ್ಬನ್ ಹಾಗೆ ಕತ್ತರಿಸುತ್ತಾರೆ. ಮೇಲೆ ಸೌತೆಕಾಯಿ, ವಿನೆಗರ್, ಕೆಂಪು ಮೆಣಸಿನ ಎಣ್ಣೆ. "ಇದು ನಾವು ಹಲ್ವಕ್ಕೆ ಗೋಧಿ ಹಾಲು ತೆಗೆಯೋ ಹಾಗೇ ಅಲ್ವಾ?" ಅಂತ ಅತ್ತೆ ಕೇಳಿದರು. ಹೌದು, ಹಾಗೇ. ಮೂರು ದಿನವೂ ಅದನ್ನು ತಿಂದೆವು.

ಅದೇ ಊರಿನಲ್ಲಿ ದೊಡ್ಡ ಕಾಡುಬಾತು ಪಗೋಡ ಇದೆ. ಎದುರಿಗೆ ಹ್ಯೂಯೆನ್ ತ್ಸಾಂಗ್ ಪ್ರತಿಮೆ. ಭಾರತದಿಂದ 645ರಲ್ಲಿ ವಾಪಸ್ ಬಂದು ಅವನು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ ಪಗೋಡ ಅದು. ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದು, ಹರ್ಷನಿಂದಲೂ ಇವರನ್ನು ಗೆಲ್ಲಲಾಗಲಿಲ್ಲ ಅಂತ ಬರೆದವನು ಅವನೇ. ಅತ್ತೆ ಶಾಲೆಯಲ್ಲಿ ಓದಿದ್ದು ನೆನಪಿಟ್ಟಿದ್ದರು, ಮೊಮ್ಮಗಳಿಗೆ ಅಲ್ಲೇ ನಿಂತು ಹೇಳಿದರು. ನೆಲದಿಂದ ಅಗೆದು ತೆಗೆದ ಮಣ್ಣಿನ ಸೈನ್ಯ ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ನನಗೆ ಮನಸ್ಸು ತುಂಬಿದ್ದು ಈ ಪ್ರತಿಮೆಯ ಮುಂದೆ.

ಶಾಂಘೈಯಲ್ಲಿ ಗೊಂಗ್‌ಡೆಲಿನ್ ಅನ್ನುವ ಸಸ್ಯಾಹಾರಿ ಹೋಟೆಲ್ ಇದೆ, 1922ರಿಂದ ನಡೆಯುತ್ತಿದೆ. ತೋಫು ಹಾಳೆಯಲ್ಲಿ ಬಾತುಕೋಳಿಯ ಹಾಗೆ ಕಾಣುವ ತಿನಿಸು ಅಲ್ಲಿ ಹೆಸರುವಾಸಿ. ಒಳಗೆ ಮಾಂಸ ಇಲ್ಲ ಅಂತ ಗೊತ್ತಿದ್ದರೂ ಅತ್ತೆಗೆ ಮುಟ್ಟಲು ಆಗಲಿಲ್ಲ. ನನಗೂ ಆ ಆಕಾರ ಹಿಡಿಸಲಿಲ್ಲ. ಅಣಬೆ ಹಾಕಿದ ನೂಡಲ್ಸ್ ತರಿಸಿಕೊಂಡೆವು, ಅದು ಬಹಳ ಚೆನ್ನಾಗಿತ್ತು.

ಇಂಡಿಯನ್ ಹೋಟೆಲಿಗೆ ಹೋಗಬೇಡಿ ಅನ್ನುವುದಿಲ್ಲ. ನಾವೂ ಒಂದು ರಾತ್ರಿ ಹೋದೆವು, ಅತ್ತೆಗೆ ದಾಲ್ ಬೇಕಿತ್ತು. ಆದರೆ ದಿನಾ ಸಂಜೆ ಆ ದೊಡ್ಡ ಊರುಗಳಲ್ಲಿ ಪನೀರಿಗಾಗಿ ಒಂದು ಗಂಟೆ ಹೋಗಿ ಒಂದು ಗಂಟೆ ಬರುವುದು ಬೇಡ. ಆ ಹೊತ್ತಿಗೆ ಪಾರ್ಕುಗಳಲ್ಲಿ ವಯಸ್ಸಾದವರು ಹಾಡು ಹಾಕಿಕೊಂಡು ಸಾಲಾಗಿ ಕುಣಿಯುತ್ತಿರುತ್ತಾರೆ. ಅದನ್ನು ತಪ್ಪಿಸಿಕೊಳ್ಳಬಾರದು.

ನೀವು ಹೊರಟಿದ್ದರೆ ಹೇಳಿ, ಆ ಚೀಟಿಯ ಫೋಟೋ ಕಳಿಸುತ್ತೇನೆ. ಮಾಂಸ, ಮೀನು, ಸೀಗಡಿ, ಕೋಳಿ ಸಾರು, ಸಿಂಪಿ ಸಾಸ್ ಬೇಡ ಅಂತ ಅದರಲ್ಲಿದೆ. ಕೊನೆಯ ಸಾಲು ಮಾತ್ರ ಶಿಯಾನ್‌ನಲ್ಲಿ ಬೇರೆಯವರಿಂದ ಬರೆಸಿದ್ದು. 'ಸು' ಅಂದ ತಕ್ಷಣ ಕೆಲವರು ಬೆಳ್ಳುಳ್ಳಿಯನ್ನೂ ಬಿಡುತ್ತಿದ್ದರು. ಅತ್ತೆಗೆ ಬೆಳ್ಳುಳ್ಳಿ ಇಲ್ಲದೆ ಊಟ ಸೇರುವುದಿಲ್ಲ. ಅದಕ್ಕೆ "ಬೆಳ್ಳುಳ್ಳಿ ಹಾಕಿ" ಅಂತ ಸೇರಿಸಿದ್ದೇವೆ. ನಿಮಗೆ ಬೇಡದಿದ್ದರೆ ಫೋಟೋದಲ್ಲಿ ಆ ಸಾಲು ಕತ್ತರಿಸಿಬಿಡಿ.