ಗಿರಗಿಟ್ಲೆ ಕೈಯ ಹುಡುಗಿ

ಇವತ್ತು ಸುಮ್ನೆ ಯೂಟ್ಯೂಬ್ ತಿರುವುತ್ತಿದ್ದಾಗ 1988ರ ಸೋಲ್ ಒಲಿಂಪಿಕ್ಸ್‌ನ 400 ಮೀಟರ್ ಫ್ರೀಸ್ಟೈಲ್ ಈಜು ಸ್ಪರ್ಧೆ ಸಿಕ್ಕಿತು. ಅಮೆರಿಕದ ಜಾನೆಟ್ ಇವಾನ್ಸ್. ಆಗ ಅವಳಿಗೆ 17 ವರ್ಷ, ಆಳು ಬೇರೆ ಸಣ್ಣ.

ಕೈ ನೀರಿನಿಂದ ಹೊರಗೆ ಬಂದಾಗ ಮೊಣಕೈ ಬಗ್ಗಿ ಮೇಲಿರಬೇಕು ಅಂತ ಕೋಚ್‌ಗಳು ಹೇಳಿಕೊಡುತ್ತಾರೆ ಅಲ್ವಾ? ಈಕೆ ಎರಡೂ ಕೈಗಳನ್ನು ನೆಟ್ಟಗೆ ಗಿರಗಿಟ್ಲೆ ಥರ ತಿರುಗಿಸುತ್ತಾಳೆ. ನೋಡಲು ಏನೇನೂ ಚೆಂದವಿಲ್ಲ. ಆದರೂ ಪೂರ್ವ ಜರ್ಮನಿಯ ಇಬ್ಬರನ್ನು ಹಿಂದೆ ಹಾಕಿ 4:03.85ರಲ್ಲಿ ಗೋಡೆ ಮುಟ್ಟಿದಳು. ಆ ವಿಶ್ವದಾಖಲೆಯನ್ನು 2006ರವರೆಗೆ ಯಾರೂ ಮುರಿಯಲಿಲ್ಲ! ಆ ಒಲಿಂಪಿಕ್ಸ್‌ನಲ್ಲಿ ಅವಳಿಗೆ ಒಟ್ಟು ಮೂರು ಚಿನ್ನ.

ಹಾಗಂತ ಟೆಕ್ನಿಕ್ ಬೇಡ ಅಂತಲ್ಲ. ದಡದಲ್ಲಿ ನಿಂತವರಿಗೆ ಕಾಣುವುದು ಕೈ ಗಾಳಿಯಲ್ಲಿ ಹೋಗುವ ಅರ್ಧ ಮಾತ್ರ. ದೇಹವನ್ನು ಮುಂದಕ್ಕೆ ತಳ್ಳುವುದು ಒಳಗಿನ ಅರ್ಧ. ಅಲ್ಲಿ ಅಂಗೈ, ಮುಂಗೈ ಎರಡೂ ಸೇರಿ ನೀರನ್ನು ಹಿಡಿದು ಹಿಂದಕ್ಕೆ ಒತ್ತಬೇಕು. ತೋಳು ಗಿಡ್ಡವಾದರೆ ಒಂದು ಬೀಸಿಗೆ ಸಾಗುವ ದೂರ ಕಮ್ಮಿ, ಅದಕ್ಕೇ ಅವಳು ಜಾಸ್ತಿ ಸಲ ಬೀಸುತ್ತಿದ್ದಳು. ಆ ವೇಗವನ್ನು ಕೊನೆಯವರೆಗೂ ಬಿಡದಿರಲು ಎಂಥ ದಮ್ಮು ಬೇಕು! ಆ ದಮ್ಮು ತರಬೇತಿಯದಾ, ಹುಟ್ಟಿನಿಂದ ಬಂದದ್ದಾ? ಬಿಡಿಸಿ ಹೇಳುವುದು ನನ್ನಿಂದಂತೂ ಆಗುವುದಿಲ್ಲ.

ನನಗೆ ಕುತೂಹಲ ಇರುವುದು ಅವಳ ಕೋಚ್‌ಗಳ ಬಗ್ಗೆ. ಎಳೆ ಹುಡುಗಿ ಹೀಗೆ ಕೈ ಬೀಸುವುದನ್ನು ನೋಡಿಯೂ ಕೊನೆಗೆ ಹಾಗೇ ಬಿಟ್ಟರಲ್ಲ! ನಮ್ಮ ಕಡೆಯ ಕೊಳಗಳಲ್ಲಾದರೆ ಕೋಚ್ ಸುಮ್ಮನಿದ್ದರೂ ಗ್ಯಾಲರಿಯಲ್ಲಿ ಕೂತ ಅಪ್ಪಂದಿರು ಬಿಡುತ್ತಿರಲಿಲ್ಲ.